ಅಕ್ಷರವನ್ನು ಅಂಕಿ ಮಾಡಿಕೊಳ್ಳಿ: ಕೋಡಿಂಗ್ ಪ್ರಶ್ನೆಗಳ ಬಗ್ಗೆ ಮೂರು ಪತ್ರ

ಪ್ರಶ್ನೆ: ಸರ್, ನಾನು ಡೊಂಬಿವಲಿಯವಳು. ಏಳನೆಯವರೆಗೆ ಮುಂಬಯಿ ಪಾಲಿಕೆಯ ಕನ್ನಡ ಶಾಲೆ, ಆಮೇಲೆ ಇಂಗ್ಲಿಷ್. ಈಗ ಬಿ.ಕಾಂ. ಮುಗಿಸಿ ಬ್ಯಾಂಕ್ ಕ್ಲರ್ಕ್ ಮತ್ತು ರೈಲ್ವೆಯ ತಾಂತ್ರಿಕವಲ್ಲದ ಹುದ್ದೆಗಳ ಎನ್‌ಟಿಪಿಸಿ ಎರಡಕ್ಕೂ ಓದುತ್ತಿದ್ದೇನೆ. ಒಂದು ಪದಕ್ಕೆ ಗುಪ್ತ ಕೋಡ್ ಕೊಟ್ಟು, ಅದೇ ನಿಯಮದಿಂದ ಇನ್ನೊಂದು ಪದದ ಕೋಡ್ ಕೇಳುವ ಕೋಡಿಂಗ್-ಡಿಕೋಡಿಂಗ್ ಪ್ರಶ್ನೆ ಬಂತೆಂದರೆ ಎ, ಬಿ, ಸಿ ಅಂತ ಬೆರಳು ಎಣಿಸುತ್ತ ಕೂರುತ್ತೇನೆ. ಮನೆಯಲ್ಲಿ ಬಿಡಿಸಿದ್ದು ಮಾಕ್ ಟೆಸ್ಟಿನಲ್ಲಿ ಹೊಳೆಯುವುದಿಲ್ಲ. ಕ್ಲಾಸಿನಲ್ಲಿ ಮೂವತ್ತು ಟೈಪ್ ಬಾಯಿಪಾಠ ಮಾಡಿ ಎನ್ನುತ್ತಾರೆ. ಕನ್ನಡ ಶಾಲೆಯಲ್ಲಿ ಓದಿದ್ದರಿಂದ ಹೀಗಾಗುತ್ತಿದೆಯೇ?

ಉತ್ತರ: ಇದನ್ನು ಕನ್ನಡ ಶಾಲೆಯ ತಲೆಗೆ ಕಟ್ಟಬೇಡಿ ತಂಗಿ. ಈ ಪ್ರಶ್ನೆಗಳಲ್ಲಿ ಭಾಷೆಯೇ ಇಲ್ಲ. ಇರುವುದು 1ರಿಂದ 26ರವರೆಗಿನ ಅಂಕಿ ಮಾತ್ರ, ಅಕ್ಷರ ಅದರ ವೇಷ. ಇಂಗ್ಲಿಷ್ ಶಾಲೆಯ ಮಕ್ಕಳೂ ‘ಕ್ಯೂ ಎಷ್ಟನೆಯದು?’ ಎಂದರೆ ತಡವರಿಸುತ್ತಾರೆ.

ಮೊದಲು ಬೆರಳೆಣಿಕೆ ಬಿಡಿಸೋಣ. ರಫ್ ಹಾಳೆ ಕೈಗೆ ಬಂದ ಕೂಡಲೇ ಒಂದು ಸಾಲಿನಲ್ಲಿ ಎ ಯಿಂದ ಎಂ ವರೆಗೆ ಬರೆದು, ತಲೆಯ ಮೇಲೆ 1ರಿಂದ 13 ಹಾಕಿ. ಅದರ ಕೆಳಗೆ ಝಡ್‌ನಿಂದ ಹಿಂದಕ್ಕೆ ಎನ್ ವರೆಗೆ ಬರೆದು, ಅಡಿಯಲ್ಲಿ 26ರಿಂದ 14 ಹಾಕಿ. ಎ ಕೆಳಗೆ ಝಡ್, ಬಿ ಕೆಳಗೆ ವೈ, ಎಂ ಕೆಳಗೆ ಎನ್ ಬಂದು ಕೂರುತ್ತವೆ. ಮೇಲೆ ಕೆಳಗೆ ಕೂಡಿದರೆ ಯಾವ ಜೋಡಿಗೂ 27. ಇದಕ್ಕೆ ಅರ್ಧ ನಿಮಿಷ ಹೋಗಲಿ, ಬಡ್ಡಿ ಸಮೇತ ವಾಪಸ್ ಬರುತ್ತದೆ. ಇ, ಜೆ, ಒ, ಟಿ, ವೈ ಎಂದರೆ 5, 10, 15, 20, 25 ಎಂಬುದನ್ನು ಕ್ಲಾಸಿನಲ್ಲಿ ‘ಇಜೋಟಿ’ ಎಂದು ಹೇಳಿಕೊಟ್ಟೇ ಇರುತ್ತಾರೆ. ಬಾಯಿಪಾಠ ಮಾಡಬೇಕಾದದ್ದು ಅದೊಂದೇ.

ಮೂವತ್ತು ಟೈಪ್ ಬೇಡ. ಟೈಪ್ ಬಾಯಿಪಾಠ ಮಾಡಿದವರು ಪ್ರಶ್ನೆ ನೋಡಿದೊಡನೆ ‘ಇದು ಯಾವ ಟೈಪು?’ ಎಂದು ನೆನಪಿನ ಮೂಟೆ ಬಿಚ್ಚುತ್ತಾರೆ, ಉತ್ತರ ಕಣ್ಣೆದುರಿಗಿದ್ದರೂ ಕಾಣುವುದಿಲ್ಲ. ಮಾಕ್ ಟೆಸ್ಟಿನಲ್ಲಿ ನಿಮಗೆ ಆಗುತ್ತಿರುವುದು ಇದೇ. ಅದರ ಬದಲು ಕೊಟ್ಟ ಪದ ಮತ್ತು ಅದರ ಕೋಡ್ ಎರಡನ್ನೂ ಅಂಕಿ ಮಾಡಿ ಮೇಲೆ ಕೆಳಗೆ ಬರೆದುಕೊಂಡು ದಿಟ್ಟಿಸಿ.

ದಾದರ್ ತಗೊಳ್ಳಿ. ಡಿ-ಎ-ಡಿ-ಎ-ಆರ್ ಎಂಬುದಕ್ಕೆ ಇ-ಸಿ-ಜಿ-ಇ-ಡಬ್ಲ್ಯು ಎಂದು ಕೋಡ್ ಕೊಟ್ಟು, ಠಾಣೆಗೆ, ಅಂದರೆ ಟಿ-ಎಚ್-ಎ-ಎನ್-ಇ ಗೆ, ಏನು ಎಂದು ಕೇಳಿದ್ದಾರೆ ಅನ್ನಿ. ಲೆಕ್ಕಕ್ಕೂ ಮೊದಲು ಒಂದು ಸಂಗತಿ ನೋಡಿ: ದಾದರ್‌ನಲ್ಲಿ ಎರಡು ಡಿ ಇವೆ. ಒಂದು ಡಿ ಗೆ ಇ ಬಂದಿದೆ, ಇನ್ನೊಂದಕ್ಕೆ ಜಿ. ಒಂದೇ ಅಕ್ಷರಕ್ಕೆ ಎರಡು ಕೋಡ್ ಬಂದರೆ ‘ಎಲ್ಲಕ್ಕೂ ಎರಡೆರಡು ಕೂಡಿಸು’, ‘ಎದುರಿನ ಅಕ್ಷರ ಹಾಕು’ (ಎ ಗೆ ಝಡ್, ಬಿ ಗೆ ವೈ) ಮುಂತಾದ ನಿಯಮಗಳೆಲ್ಲ ಅಲ್ಲಿಗೇ ಔಟ್. ಅಕ್ಷರ ಎಷ್ಟನೆಯ ಜಾಗದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದಾಯಿತು. ಈಗ ಅಂಕಿ: ಮೇಲೆ 4, 1, 4, 1, 18. ಕೆಳಗೆ 5, 3, 7, 5, 23. ವ್ಯತ್ಯಾಸ 1, 2, 3, 4, 5. ಠಾಣೆಯ 20, 8, 1, 14, 5 ಕ್ಕೆ ಇದನ್ನೇ ಕೂಡಿಸಿದರೆ 21, 10, 4, 18, 10. ಉತ್ತರ ಯು-ಜೆ-ಡಿ-ಆರ್-ಜೆ. ಪದದಲ್ಲಿ ಯಾವುದಾದರೂ ಅಕ್ಷರ ಮರುಕಳಿಸಿದ್ದರೆ ಕಣ್ಣು ಮೊದಲು ಅಲ್ಲಿಗೇ ಹೋಗಬೇಕು. ಈ ಚಾಳಿಯೊಂದು ಬಂದರೆ ಅರ್ಧ ಕೆಲಸ ಮುಗಿದಂತೆ.

ವ್ಯತ್ಯಾಸ ಅಡ್ಡಾದಿಡ್ಡಿ ಬಂದರೆ ಗಾಬರಿಯಾಗದೆ ಕೂಡಿಸಿ ನೋಡಿ. ಪುಣೆಗೆ, ಪಿ-ಯು-ಎನ್-ಇ ಗೆ, ಕೆ-ಎಫ್-ಎಂ-ವಿ ಎಂದರೆ 16ರ ಕೆಳಗೆ 11, 21ರ ಕೆಳಗೆ 6, 14ರ ಕೆಳಗೆ 13, 5ರ ಕೆಳಗೆ 22. ಕಳೆದರೆ ಏನೂ ಸಿಗದು, ಕೂಡಿಸಿದರೆ ನಾಲ್ಕೂ ಕಡೆ 27. ಎದುರಕ್ಷರ ಅಂತ ಆಯಿತು.

ಕೂಡಿದರೂ ಕಳೆದರೂ ಬಗ್ಗದಿದ್ದರೆ ಪದವನ್ನು ತಿರುಗಿಸಿರಬಹುದು. ಐದಕ್ಷರದ ಪದ ತಿರುಗಿಸಿದರೂ ನಡುವಿನ ಅಕ್ಷರ ಕದಲುವುದಿಲ್ಲ, ಗುಟ್ಟು ಬಿಟ್ಟುಕೊಡುವುದು ಅದೇ. ಕುರ್ಲಾ, ಕೆ-ಯು-ಆರ್-ಎಲ್-ಎ, ಇದಕ್ಕೆ ಬಿ-ಎಂ-ಎಸ್-ವಿ-ಎಲ್ ಎಂದಿದೆ. ನಡುವಿನ ಆರ್ ಒಂದು ಹೆಜ್ಜೆ ಮುಂದೆ ಹೋಗಿ ಎಸ್ ಆಗಿದೆ. ಹಾಗಾದರೆ ಕೊನೆಯ ಎ ಬಿ ಆಗಿ ಮೊದಲಿಗೆ ಬಂದಿದೆಯೇ? ಬಂದಿದೆ. ತಿರುಗಿಸಿ ಒಂದೊಂದು ಕೂಡಿಸಿದ್ದಾರೆ, ಅಷ್ಟೆ. ಸ್ವರಕ್ಕೊಂದು ವ್ಯಂಜನಕ್ಕೊಂದು ನಿಯಮ ಇರುವ ಪ್ರಶ್ನೆಗಳೂ ಬರುತ್ತವೆ. ಅಂಕಿ ಬರೆದುಕೊಂಡರೆ ಅವೂ ತಾವಾಗಿ ಕಾಣುತ್ತವೆ.

ಹೆಚ್ಚಿನವರು ಎಡವುವುದು ನಿಯಮ ಹುಡುಕುವಾಗಲ್ಲ, ಸಿಕ್ಕಿತು ಎಂದುಕೊಂಡಾಗ. ನೀವು ದಿನಾ ನೋಡುವ ಲೋಕಲ್ ರೈಲಿನ ಇಂಡಿಕೇಟರ್ ಬೋರ್ಡನ್ನೇ ನೋಡಿ, ರೈಲು ಹೋಗುವ ಊರಿಗೆ ಅಲ್ಲಿ ಒಂದಕ್ಷರದ ಕೋಡ್ ಇರುತ್ತದೆ. ಕಲ್ಯಾಣಕ್ಕೆ ಕೆ, ಠಾಣೆಗೆ ಟಿ. ಊರಿನ ಮೊದಲ ಅಕ್ಷರವೇ ಕೋಡ್ ಅಂದುಕೊಂಡು ಹೊರಟವರು ಕರ್ಜತ್‌ನ ಎಸ್, ಕಸಾರಾದ ಎನ್ ಕಂಡು ಪ್ಲಾಟ್‌ಫಾರ್ಮಿನಲ್ಲೇ ನಿಲ್ಲಬೇಕಾಗುತ್ತದೆ. ಮೊದಲೆರಡು ಅಕ್ಷರಕ್ಕೆ ಹೊಂದಿದ ನಿಯಮ ಕೊನೆಯ ಅಕ್ಷರಕ್ಕೂ ಹೊಂದುತ್ತದೆಯೇ ಎಂದು ನೋಡದೆ ಆಯ್ಕೆಗಳ ಕಡೆ ಕಣ್ಣು ಹಾಯಿಸಬೇಡಿ. ಅರ್ಧ ನಿಯಮಕ್ಕೆ ಸರಿಹೊಂದುವ ತಪ್ಪು ಉತ್ತರವೊಂದನ್ನು ಅಲ್ಲಿ ಇಟ್ಟೇ ಇರುತ್ತಾರೆ.

ಸಮಯದ ಮಾತು. ಕ್ಲರ್ಕ್ ಪರೀಕ್ಷೆಯ ಮೊದಲ ಹಂತವಾದ ಪ್ರಿಲಿಮ್ಸ್‌ನಲ್ಲಿ ತರ್ಕದ, ಅಂದರೆ ರೀಸನಿಂಗ್‌ನ 35 ಪ್ರಶ್ನೆಗೆ 20 ನಿಮಿಷ, ಅಂದರೆ ಪ್ರಶ್ನೆಗೆ 34 ಸೆಕೆಂಡ್. ಎನ್‌ಟಿಪಿಸಿ ಮೊದಲ ಹಂತದಲ್ಲಿ 100 ಪ್ರಶ್ನೆಗೆ 90 ನಿಮಿಷ, ಅಲ್ಲಿ ಸ್ವಲ್ಪ ಉಸಿರಾಡಬಹುದು. ಆದರೆ ತಪ್ಪಿಗೆ ಬ್ಯಾಂಕಿನವರು ಕಾಲು ಅಂಕ ಕಳೆದರೆ ರೈಲ್ವೆಯವರು ಮೂರನೇ ಒಂದು ಅಂಶ ಕಳೆಯುತ್ತಾರೆ. ಕಳೆದು, ಕೂಡಿ, ತಿರುಗಿಸಿ ನೋಡಿದರೂ ಸಿಗದ ಪ್ರಶ್ನೆಯನ್ನು ಗುರುತು ಹಾಕಿ ಮುಂದೆ ಹೋಗಿ. ಹಟಕ್ಕೆ ಬಿದ್ದು ಕೂತವರ ಕೈಯಿಂದ ಸುಲಭದ ಮೂರು ಪ್ರಶ್ನೆ ಜಾರುತ್ತವೆ.

ಪ್ರಶ್ನೆ: ಸರ್, ಪಿಂಪ್ರಿ ಒಳಗ ಶಿಫ್ಟ್ ಕೆಲಸ ಮಾಡ್ತೀನಿ, ಕೇಂದ್ರ ಸರಕಾರದ ನೌಕರಿಗೆ ಎಸ್‌ಎಸ್‌ಸಿ ಬರೀಬೇಕಂತ ಮಾಡೀನಿ. ಗೋವಾ 69, ಪುಣೆ 224 ಆದ್ರ ಮುಂಬಯಿ ಎಷ್ಟು ಅಂತ ಒಂದು ಪ್ರಶ್ನಿ ಐತಿ. ಉತ್ತರ 354 ಅಂತ ಕೊಟ್ಟಾರ. ಹೆಂಗ ಬಂತು ಅಂತ ತಿಳೀವಲ್ದು.

ಉತ್ತರ: ತಮ್ಮಾ, ಪದಕ್ಕೆ ಸಂಖ್ಯೆ ಕೊಟ್ಟಾಗ ಮೊದಲು ಅಕ್ಷರಗಳ ಮೊತ್ತ ಮಾಡಿಟ್ಟುಕೋ. ಜಿ-ಒ-ಎ ಅಂದರೆ 7, 15, 1, ಒಟ್ಟು 23. ಪುಣೆಯದು 56. ಕೊಟ್ಟ ಸಂಖ್ಯೆ ಮೊತ್ತಕ್ಕಿಂತ ಸ್ವಲ್ಪವೇ ಹೆಚ್ಚು ಕಡಿಮೆ ಇದ್ದರೆ ಕಳೆದು ನೋಡಬೇಕು, ಬಹಳ ದೊಡ್ಡದಿದ್ದರೆ ಭಾಗಿಸಬೇಕು. 69ನ್ನು 23ರಿಂದ ಭಾಗಿಸಿದರೆ 3, 224ನ್ನು 56ರಿಂದ ಭಾಗಿಸಿದರೆ 4. ಗೋವಾದಲ್ಲಿ ಅಕ್ಷರ ಮೂರು, ಪುಣೆಯಲ್ಲಿ ನಾಲ್ಕು. ಮುಂಬಯಿ ಮೊತ್ತ 59, ಅಕ್ಷರ ಆರು, ಗುಣಿಸಿದರೆ 354.

ಇದೇ ಪ್ರಶ್ನೆಯಲ್ಲಿ ಗೋವಾ 58, ಪುಣೆ 52 ಎಂದಿದ್ದರೆ? ಮೂರಕ್ಷರದ ಪದಕ್ಕೆ ನಾಲ್ಕಕ್ಷರದ್ದಕ್ಕಿಂತ ದೊಡ್ಡ ಸಂಖ್ಯೆ ಬಂದಿದೆ, ಎ ಗೆ 26 ಇಟ್ಟು ಹಿಂದಿನಿಂದ ಎಣಿಸಿದ್ದಾರೆಯೇ ಎಂದು ಅನುಮಾನ ಬರಬೇಕು. ಆಗ ಒಂದೊಂದೇ ಅಕ್ಷರ ತಿರುಗಿಸುತ್ತ ಕೂರಬೇಡ. 27ನ್ನು ಅಕ್ಷರಗಳ ಸಂಖ್ಯೆಯಿಂದ ಗುಣಿಸಿ ಮಾಮೂಲಿ ಮೊತ್ತ ಕಳೆ. ಗೋವಾಕ್ಕೆ 81ರಲ್ಲಿ 23 ಹೋದರೆ 58, ಪುಣೆಗೆ 108ರಲ್ಲಿ 56 ಹೋದರೆ 52. ಮುಂಬಯಿಗೆ 162ರಲ್ಲಿ 59 ಹೋಗಿ 103. ಶಿಫ್ಟ್ ಮುಗಿಸಿ ಬಸ್ಸಿನಲ್ಲಿ ಬರುವಾಗ ಅಂಗಡಿ ಬೋರ್ಡುಗಳ ಮೊತ್ತ ಮಾಡುತ್ತ ಬಾ, ಬೇರೆ ಅಭ್ಯಾಸ ಬೇಕಿಲ್ಲ. ಮೂರು ಸೆಕೆಂಡಿನ ಟ್ರಿಕ್ ಎಂದು ಬರುವ ವಿಡಿಯೊ ನೋಡುವುದಕ್ಕಿಂತ ಅದು ವಾಸಿ.

ಪ್ರಶ್ನೆ: ವಾಸ್ಕೋದಿಂದ ಬರೆಯುತ್ತಿದ್ದೇನೆ. ಮಗಳು ಬ್ಯಾಂಕ್ ಪಿಒ (ಪ್ರೊಬೇಷನರಿ ಆಫೀಸರ್) ಪರೀಕ್ಷೆಗೆ ಓದುತ್ತಿದ್ದಾಳೆ. ಇಡೀ ವಾಕ್ಯಕ್ಕೆ ಕೋಡ್ ಕೊಡುವ ಪ್ರಶ್ನೆಯಲ್ಲಿ ಮಾತ್ರ ತಪ್ಪುತ್ತಾಳೆ. ಏನು ಹೇಳಲಿ?

ಉತ್ತರ: ಅಮ್ಮಾ, ಅಲ್ಲಿ ಅಕ್ಷರದ ಲೆಕ್ಕ ಬೇಡವೇ ಬೇಡ ಎಂದು ಹೇಳಿ. ‘ಊಟ ಬಿಸಿ ಇದೆ’ ಅಂದರೆ ‘ಪಿ ನಾ ತು’, ‘ಚಹಾ ಬಿಸಿ ಬೇಕು’ ಅಂದರೆ ‘ಕೊ ನಾ ಲೆ’ ಎಂದು ಕೊಟ್ಟರೆ ಎರಡರಲ್ಲೂ ಇರುವ ಮಾತು ‘ಬಿಸಿ’, ಎರಡರಲ್ಲೂ ಇರುವ ಕೋಡ್ ‘ನಾ’. ಹೀಗೆ ಸಾಮಾನ್ಯವಾದದ್ದಕ್ಕೆ ಗೆರೆ ಎಳೆಯುತ್ತ ಹೋಗುವುದು. ‘ಊಟ ಈಗ ಬೇಕು’ ಅಂದರೆ ‘ಲೆ ಪಿ ಸಾ’ ಎಂದು ಮೂರನೆಯ ವಾಕ್ಯ ಬಂದಾಗ ಊಟ ‘ಪಿ’, ಬೇಕು ‘ಲೆ’ ಎಂದು ಬಿಚ್ಚಿಕೊಳ್ಳುತ್ತದೆ. ಮಕ್ಕಳು ತಪ್ಪುವುದು ಎರಡು ಕಡೆ. ಮೊದಲ ಮಾತಿಗೆ ಮೊದಲ ಕೋಡ್ ಎಂದು ಸಾಲುಸಾಲಾಗಿ ಹೊಂದಿಸಿಬಿಡುತ್ತಾರೆ. ಮೂರನೆಯ ವಾಕ್ಯದಲ್ಲಿ ‘ಲೆ’ ಮೊದಲಿದ್ದರೂ ಅದು ಕೊನೆಯ ‘ಬೇಕು’ವಿನದು ಎಂಬುದನ್ನು ತೋರಿಸಿ. ಇನ್ನೊಂದು, ಮೂರನೆಯ ವಾಕ್ಯ ಕೊಡದೆ ಊಟದ ಕೋಡ್ ಕೇಳಿದಾಗ ಊಹೆ ಮಾಡುತ್ತಾರೆ. ಆಗ ಅದು ‘ಪಿ’ಯೂ ಇರಬಹುದು, ‘ತು’ವೂ ಇರಬಹುದು. ಆಯ್ಕೆಗಳಲ್ಲಿ ‘ಪಿ ಅಥವಾ ತು’ ಎಂದಿದ್ದರೆ ಸಂಕೋಚವಿಲ್ಲದೆ ಅದನ್ನೇ ಒತ್ತಲಿ.