ಸಂಪಾದಕರ ಉತ್ತರ: ಓಟು ತಿರುಗಿಸುವವರು ಯಾರು?

ಸಾಗರದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ನನ್ನ ಮೊಮ್ಮಗಳು ಚುನಾವಣೆ ಮತ್ತು ಮಾಧ್ಯಮದ ಬಗ್ಗೆ ಪಿಎಚ್.ಡಿ. ಮಾಡುತ್ತೇನೆಂದು ಹೊರಟಿದ್ದಾಳೆ. ಪೇಪರು, ಟಿವಿ ಯಾರನ್ನು ಎತ್ತಿ ಮೆರೆಸುತ್ತವೋ ಜನ ಅವರಿಗೇ ಓಟು ಹಾಕುತ್ತಾರೆ. ನಮ್ಮೂರ ಸಂತೆಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳಿಯಾರು. ಗೊತ್ತಿದ್ದದ್ದನ್ನು ಕಂಡುಹಿಡಿಯಲು ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಯಾಕೆ? ಪತ್ರಿಕೆ ನಡೆಸುವ ನೀವಾದರೂ ಅವಳಿಗೆ ಬುದ್ಧಿ ಹೇಳಿ.”

ಮೇಷ್ಟ್ರೇ, ನಮಸ್ಕಾರ.

ನಾನು ನಿಮ್ಮ ಮೊಮ್ಮಗಳ ಪಕ್ಷ. ಯಾಕೆಂದು ಹೇಳುತ್ತೇನೆ.

ನೀವು ‘ಗೊತ್ತಿದ್ದದ್ದು’ ಎಂದಿರಲ್ಲ, ಅದು ಅಮೆರಿಕದಲ್ಲೂ ಬಹಳ ಮಂದಿಗೆ ಗೊತ್ತಿತ್ತು. ರೇಡಿಯೊ ಯಾರ ಕೈಯಲ್ಲಿದೆಯೋ ಅವರು ಜನರ ತಲೆಯನ್ನು ಬೇಕಾದ ಕಡೆಗೆ ತಿರುಗಿಸಬಲ್ಲರು ಎಂಬ ಭಯ ಆಗ ದೊಡ್ಡದಾಗಿತ್ತು. 1940ರ ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ಎದುರು ವೆಂಡೆಲ್ ವಿಲ್ಕಿ ನಿಂತಾಗ, ವಿಯೆನ್ನಾದಿಂದ ಬಂದು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯ ಸೇರಿದ್ದ ಸಮಾಜವಿಜ್ಞಾನಿ ಪಾಲ್ ಲಾಜರ್ಸ್‌ಫೆಲ್ಡ್ ಇದನ್ನು ಪರೀಕ್ಷಿಸಿಯೇ ನೋಡೋಣ ಎಂದು ಓಹಿಯೊ ರಾಜ್ಯದ ಈರಿ ಕೌಂಟಿಯನ್ನು ಆರಿಸಿಕೊಂಡರು. ಅವರ ತಂಡ ಪ್ರತಿ ನಾಲ್ಕನೆಯ ಮನೆಯ ಬಾಗಿಲು ತಟ್ಟಿ ಸುಮಾರು 3,000 ಜನರನ್ನು ಮಾತಾಡಿಸಿತು. ಅವರಲ್ಲಿ 600 ಜನರನ್ನು ಆರಿಸಿ ಮೇ ತಿಂಗಳಿಂದ ನವೆಂಬರ್‌ವರೆಗೆ ತಿಂಗಳು ತಿಂಗಳೂ ಮತ್ತೆ ಅವರನ್ನೇ ಕೇಳಿತು: ಯಾರಿಗೆ ಓಟು? ಮನಸ್ಸು ಬದಲಾಯಿತೇ? ಯಾಕೆ?

ಇಲ್ಲಿ ಒಂದು ಸೂಕ್ಷ್ಮವಿದೆ, ಪಾಠ ಹೇಳಿದ ನಿಮಗೆ ಇಷ್ಟವಾಗಬಹುದು. ಪದೇ ಪದೇ ಕೇಳಿದ್ದರಿಂದಲೇ ಜನರ ಮನಸ್ಸು ಅಲುಗಾಡಿದರೆ ಏನು ಮಾಡುವುದು? ಅದಕ್ಕಾಗಿ ಅಷ್ಟಷ್ಟೇ ಜನರ ಇನ್ನೂ ಮೂರು ಗುಂಪುಗಳನ್ನು ಬೇರೆಯಾಗಿ ಇಟ್ಟುಕೊಂಡಿದ್ದರು. ಆ ಗುಂಪುಗಳನ್ನು ಒಂದೊಂದು ಸಲ ಮಾತ್ರ ಮತ್ತೆ ಕೇಳಿ, ತಿಂಗಳು ತಿಂಗಳೂ ಕೇಳಿದವರ ಉತ್ತರದ ಜೊತೆ ಹೋಲಿಸಿದರು. ಸಂತೆಯ ಮಾತಿಗೂ ಸಂಶೋಧನೆಗೂ ಇರುವ ಅಂತರ ನನಗೆ ಕಾಣುವುದು ಈ ಎಚ್ಚರದಲ್ಲಿ.

ಅಷ್ಟು ತಿಂಗಳ ಪ್ರಚಾರದಲ್ಲಿ ಒಂದು ಪಕ್ಷ ಬಿಟ್ಟು ಇನ್ನೊಂದಕ್ಕೆ ಹೊರಳಿದವರು ನೂರಕ್ಕೆ ಸುಮಾರು ಎಂಟು ಜನ. ಅರ್ಧದಷ್ಟು ಜನರಿಗೆ ಪೇಪರು, ರೇಡಿಯೊ ಮಾಡಿದ್ದು ಇಷ್ಟೇ: ಮೊದಲೇ ಇದ್ದ ನಂಬಿಕೆಯನ್ನು ಗಟ್ಟಿ ಮಾಡಿದ್ದು. ಮನಸ್ಸು ಬದಲಿಸಿದವರನ್ನು ಕಾರಣ ಕೇಳಿದರೆ ಅವರ ಬಾಯಲ್ಲಿ ಮತ್ತೆ ಮತ್ತೆ ಬಂದದ್ದು ಇತರ ಜನರ ಮಾತು. ಹೋಟೆಲಿನಲ್ಲಿ ಬಡಿಸುತ್ತಿದ್ದ ಒಬ್ಬಾಕೆಯ ಮನಸ್ಸನ್ನು ತಿರುಗಿಸಿದ್ದು ಪೇಪರಿಗಿಂತ ಹೆಚ್ಚಾಗಿ ಗಿರಾಕಿಗಳ ಮಾತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮೂರಿನ ಕ್ಷೌರದಂಗಡಿ. ಅಲ್ಲಿ ಪೇಪರು ಒಂದೇ, ಓದುವವರೂ ಒಬ್ಬರೇ. ಬೆಂಚಿನ ಮೇಲೆ ಕೂತ ಐದಾರು ಜನ ಕೇಳಿಸಿಕೊಳ್ಳುತ್ತಿದ್ದರು. ಓದುವವರು ಎಲ್ಲಿ ನಿಲ್ಲಿಸಿ “ಇದು ನೋಡಿ” ಎನ್ನುತ್ತಿದ್ದರೋ ಅಲ್ಲಿಂದಲೇ ಚರ್ಚೆ ಶುರು. ಸುದ್ದಿ ಬರೆದವನಿಗಿಂತ ಆ ನಿಲ್ಲಿಸಿದವರ ಕೈ ದೊಡ್ಡದಾಗಿತ್ತು.

ಹಾಗಾದರೆ ಪತ್ರಿಕೆಗೆ ಶಕ್ತಿಯೇ ಇಲ್ಲವೇ? ಇದೆ. ಅದು ಬೇರೆ ಕಡೆ ಇದೆ. 1968ರಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಮ್ಯಾಕ್ಸ್‌ವೆಲ್ ಮೆಕೂಂಬ್ಸ್ ಮತ್ತು ಡೊನಾಲ್ಡ್ ಶಾ, ಚಾಪೆಲ್ ಹಿಲ್ ಊರಿನಲ್ಲಿ ಯಾರಿಗೆ ಓಟು ಹಾಕುವುದೆಂದು ಇನ್ನೂ ತೀರ್ಮಾನಿಸದ 100 ಮತದಾರರನ್ನು ಹುಡುಕಿ, ದೇಶದ ಮುಂದಿರುವ ದೊಡ್ಡ ಸಮಸ್ಯೆ ಯಾವುದು ಎಂದು ಕೇಳಿದರು. ಅತ್ತ ಆ ಜನ ಓದುವ, ನೋಡುವ ಪತ್ರಿಕೆ ಮತ್ತು ಟಿವಿ ಸುದ್ದಿಯಲ್ಲಿ ಯಾವ ವಿಷಯಕ್ಕೆ ಎಷ್ಟು ಜಾಗ ಸಿಕ್ಕಿದೆ ಎಂದು ಲೆಕ್ಕ ಹಾಕಿದರು. ಎರಡು ಪಟ್ಟಿಗಳೂ ಒಂದರ ಪಡಿಯಚ್ಚಿನಂತೆ ಇನ್ನೊಂದು. ಪೂರ್ತಿ ಹೊಂದಿಕೆಯಾದರೆ 1 ಎನ್ನುವ ಲೆಕ್ಕದಲ್ಲಿ ಅವರಿಗೆ ಸಿಕ್ಕಿದ್ದು 0.967. ಯಾರಿಗೆ ಓಟು ಎಂಬುದನ್ನು ಪತ್ರಿಕೆ ಹೇಳಿಕೊಡಲಾರದು, ಯಾವುದರ ಬಗ್ಗೆ ಯೋಚಿಸಬೇಕು ಎಂಬುದನ್ನು ಹೇಳಿಕೊಡಬಲ್ಲದು.

ಆದರೆ ಜನರ ಆತಂಕ ನೋಡಿಯೇ ಪತ್ರಿಕೆಯವರು ಬರೆದಿರಬಹುದಲ್ಲ ಎಂದು ನೀವು ಕೇಳಬಹುದು. ಮೆಕೂಂಬ್ಸ್ ಮತ್ತು ಶಾ ಅವರನ್ನೂ ಅದೇ ಪ್ರಶ್ನೆ ಕಾಡಿತು. ಹಾಗಾಗಿ 1972ರ ಚುನಾವಣೆಯಲ್ಲಿ ಶಾರ್ಲಟ್ ನಗರಕ್ಕೆ ಹೋಗಿ, ಯಾವುದು ಮೊದಲು ಎಂದು ತಿಳಿಯಲು ಅಲ್ಲಿನ ಒಂದೇ ಗುಂಪಿನ ಮತದಾರರನ್ನು ಮತ್ತೆ ಮತ್ತೆ ಕೇಳಿದರು. ಐದು ವರ್ಷ ಯಾಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ಮೇಷ್ಟ್ರೇ, ಸಂಪಾದಕನ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ಓದುವಾಗ ನನಗೆ ಹೆಮ್ಮೆಗಿಂತ ಹೆಚ್ಚು ಅಳುಕು. ನಾವು ತಪ್ಪು ಬರೆದರೆ ಯಾರಾದರೂ ಹಿಡಿಯುತ್ತಾರೆ, ಪತ್ರ ಬರೆಯುತ್ತಾರೆ, ತಿದ್ದುಪಡಿ ಹಾಕುತ್ತೇವೆ. ಬರೆಯದೇ ಬಿಟ್ಟದ್ದನ್ನು ಯಾರು ಹಿಡಿಯುತ್ತಾರೆ? ನಿಮ್ಮ ಕಡೆಯದೇ ಉದಾಹರಣೆ ಕೊಡುತ್ತೇನೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿ ಮುಳುಗಡೆಯಲ್ಲಿ ಮನೆ, ಗದ್ದೆ ಬಿಟ್ಟು ಎದ್ದವರ ಭೂಮಿ ಹಕ್ಕಿನ ಪ್ರಶ್ನೆ ಮಾತ್ರ ಮುಗಿದಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಈಗಲೂ ಅಲೆಯುತ್ತಿದ್ದಾರೆ. ರಾಜ್ಯದ ದೊಡ್ಡ ಸಮಸ್ಯೆ ಯಾವುದೆಂದು ಕಲಬುರಗಿಯಲ್ಲೋ ಮೈಸೂರಿನಲ್ಲೋ ಕೇಳಿದರೆ ಈ ಮಾತು ಎಷ್ಟು ಜನರ ಬಾಯಲ್ಲಿ ಬಂದೀತು? ಬಾರದಿದ್ದರೆ ಅದರಲ್ಲಿ ನನ್ನ ಪಾಲೆಷ್ಟು? ನನ್ನ ಊಹೆ ಇಲ್ಲಿ ಕೆಲಸಕ್ಕೆ ಬಾರದು. ಹೊರಗಿನಿಂದ ಯಾರಾದರೂ ಬಂದು, ನಮ್ಮ ಜಾಹೀರಾತಿಗೂ ಪಕ್ಷಕ್ಕೂ ಸೇರದವರು, ಎಣಿಸಿ ಹೇಳಬೇಕು.

ನಮ್ಮ ಹಳೆಯ ಸಂಚಿಕೆಗಳನ್ನೆಲ್ಲ ಬೈಂಡು ಮಾಡಿಸಿ ಕಚೇರಿಯ ಮಹಡಿಯಲ್ಲಿ ಇಟ್ಟಿದ್ದೇವೆ. ಬೆಳಕು ಚೆನ್ನಾಗಿದೆ, ಕೂರಲು ಮೇಜಿದೆ. ಮೊಮ್ಮಗಳನ್ನು ಕಳುಹಿಸಿ. ಮುಳುಗಡೆಯ ಸುದ್ದಿಗೆ ನಾವು ಎಷ್ಟು ಪುಟ ಕೊಟ್ಟೆವು, ಯಾವ ಪುಟದಲ್ಲಿ ಕೊಟ್ಟೆವು, ಯಾವ ಯಾವ ವರ್ಷ ಒಂದು ಸಾಲನ್ನೂ ಬರೆಯಲಿಲ್ಲ ಎಂದು ಮೊದಲು ನಮ್ಮ ಪತ್ರಿಕೆಯಲ್ಲೇ ಎಣಿಸಲಿ. ಅವಳಿಗೆ ಸಿಕ್ಕ ಲೆಕ್ಕವನ್ನು ಇದೇ ಅಂಕಣದಲ್ಲಿ ಅಚ್ಚು ಹಾಕುತ್ತೇನೆ.

— ಸಂಪಾದಕ