ಗೆಳೆಯನಿಗೆ ಪಟ್ಟು ಕಲಿಸಿದರೆ ನಾನೇ ಸೋಲುತ್ತೇನಾ?

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯ ಹೈಸ್ಕೂಲಿನಲ್ಲಿ ಹತ್ತನೇ ತರಗತಿ ಓದುತ್ತಿದ್ದೇನೆ. ಐದನೇ ತರಗತಿಯಿಂದ ಗರಡಿಗೆ ಹೋಗುತ್ತೇನೆ, ಮ್ಯಾಟ್ ಮೇಲೆ ಆಡಲು ಶುರುಮಾಡಿ ಎರಡು ವರ್ಷ. ನಮ್ಮ ಪಿ.ಟಿ. ಸರ್‌ಗೆ ಕುಸ್ತಿ ಗೊತ್ತಿಲ್ಲ. ತಂಡದ ಎಂಟು ಹುಡುಗರಿಗೆ ನೀನೇ ಕಲಿಸು ಅಂದಿದ್ದಾರೆ. ತೋರಿಸಿದ್ದು ಯಾರಿಗೂ ಬರುವುದಿಲ್ಲ, ನನಗೆ ಸಿಟ್ಟು ಬರುತ್ತದೆ, ನನ್ನ ಕ್ಲಾಸಿನವರು ನಗುತ್ತಾರೆ. ಇನ್ನೊಂದು ಮಾತು ಯಾರಿಗೂ ಹೇಳಿಲ್ಲ. ನನ್ನ ಜೀವದ ಗೆಳೆಯನೂ 48 ಕೆ.ಜಿ. ತೂಕದಲ್ಲೇ ಇದ್ದಾನೆ. ನನ್ನ ಸಿಂಗಲ್ ಲೆಗ್ (ಎದುರಾಳಿಯ ಒಂದು ಕಾಲು ಹಿಡಿದು ಕೆಡವುವ ಪಟ್ಟು) ಪೂರ್ತಿ ಕಲಿಸಿದರೆ ಆಯ್ಕೆಯಲ್ಲಿ ಅವನೇ ನನ್ನನ್ನು ಕೆಡವುತ್ತಾನೆಂಬ ಹೆದರಿಕೆಯಿಂದ ಅವನಿಗೆ ಅರ್ಧ ಮಾತ್ರ ಹೇಳಿಕೊಡುತ್ತಿದ್ದೇನೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ತಮ್ಮಾ, ಅರ್ಧ ಕಲಿಸುವುದನ್ನು ಇವತ್ತೇ ನಿಲ್ಲಿಸು. ಮೊದಲ ಕಾರಣ ಗೆಳೆಯನ ಕುತ್ತಿಗೆ. ಸಿಂಗಲ್ ಲೆಗ್‌ಗೆ ನುಗ್ಗುವಾಗ ತಲೆ ಎತ್ತಿರಬೇಕು, ಕಿವಿ ಎದುರಾಳಿಯ ಪಕ್ಕೆಲುಬಿಗೆ ಅಂಟಿರಬೇಕು. ಈ ಒಂದು ಮಾತು ಮುಚ್ಚಿಟ್ಟರೆ ಅವನು ತಲೆ ಕೆಳಗೆ ಹಾಕಿಯೇ ನುಗ್ಗುತ್ತಾನೆ. ಎದುರಿನವನು ಕಾಲು ಹಿಂದಕ್ಕೆ ಎಸೆದು ಸೊಂಟದ ಭಾರವೆಲ್ಲ ಕುತ್ತಿಗೆಯ ಮೇಲೆ ಹಾಕಿದರೆ ಆಗುವ ಪೆಟ್ಟು ನೀನು ಬಯಸುವಂಥದ್ದಲ್ಲ.

ಎರಡನೆಯದು ನಿನ್ನದೇ ಲಾಭ. ಪಟ್ಟು ಗುಟ್ಟಲ್ಲ, ಕುಸ್ತಿ ಆಡುವವರೆಲ್ಲರಿಗೂ ಅದು ಗೊತ್ತು. ನಿನ್ನ ಬಲ ಇರುವುದು ಅದಕ್ಕೆ ದಾರಿ ಮಾಡಿಕೊಳ್ಳುವುದರಲ್ಲಿ: ಕುತ್ತಿಗೆ ಎಳೆದಾಗ ಎದುರಾಳಿಯ ಯಾವ ಕಾಲು ಮುಂದೆ ಬರುತ್ತದೆ, ಯಾವ ಕ್ಷಣ ನುಗ್ಗಬೇಕು ಎಂಬುದರಲ್ಲಿ. ಪಟ್ಟು ಬಲ್ಲವನು ದಿನಾ ತಡೆದರೆ ನೀನು ಇನ್ನೊಂದು ದಾರಿ ಹುಡುಕಲೇಬೇಕಾಗುತ್ತದೆ. ಬೇರೆ ಜಿಲ್ಲೆಯ ಹುಡುಗ ಅದೇ ರೀತಿ ತಡೆದಾಗ ಆ ದಾರಿ ಕೈಗೆ ಬರುತ್ತದೆ.

ಆದರೂ ಅವನು ನಿನ್ನನ್ನು ಸೋಲಿಸಬಹುದು. ಹಾಗೆ ಆಗುವುದಿಲ್ಲ ಎಂದು ಯಾರೂ ಮಾತು ಕೊಡಲಾರರು. ಹಾಗಾಗಿ ಸರ್ ಹತ್ತಿರ ಹೋಗಿ, 'ಸರ್, 48ರಲ್ಲಿ ನಾವಿಬ್ಬರೂ ಇದ್ದೇವೆ. ಆ ತೂಕದ ಆಯ್ಕೆ ಕುಸ್ತಿ ನೀವೇ ನಡೆಸಿ, ಪಾಯಿಂಟ್ ಹಾಕಲು ಹೊರಗಿನವರನ್ನು ಕರೆಸಿ' ಎಂದು ಹೇಳು. ಗೆಳೆಯನಿಗೂ ಬಾಯಿಬಿಟ್ಟು ಹೇಳು: 'ಇಷ್ಟು ದಿನ ನಿನಗೆ ಅರ್ಧ ಹೇಳಿಕೊಟ್ಟೆ, ನಾಳೆಯಿಂದ ಪೂರ್ತಿ.' ಕಷ್ಟದ ಮಾತು, ಆದರೆ ನಿದ್ದೆ ಬರುವುದು ಅದನ್ನು ಆಡಿದ ಮೇಲೆಯೇ.

ಇನ್ನು ಹುಡುಗರಿಗೆ ಯಾಕೆ ಬರುತ್ತಿಲ್ಲ? ಪಟ್ಟು ನಿನ್ನ ಮೈಗೆ ಹತ್ತಿದೆ, ಒಂದೇ ಸೆಕೆಂಡಿನಲ್ಲಿ ಮುಗಿಸಿಬಿಡುತ್ತೀಯ. ನೋಡುವವರಿಗೆ ಕಾಣುವುದು ಕೊನೆಯಲ್ಲಿ ಬಿದ್ದವನು ಮಾತ್ರ. ಅದನ್ನು ತುಂಡು ಮಾಡು, ಒಂದು ವಾರ ಬೇರೆ ಪಟ್ಟು ಮುಟ್ಟಬೇಡ. ಮೊದಲು ನಿಲುವು: ಮೊಣಕಾಲು ಮಡಚಿ, ಬೆನ್ನು ನೇರ, ಮೊಣಕೈ ಪಕ್ಕೆಗೆ ಹತ್ತಿರ. ಆಮೇಲೆ ಎತ್ತರ ಇಳಿಸುವುದು. ಹೊಸಬರು ಇಲ್ಲೇ ಕೆಡುತ್ತಾರೆ, ಸೊಂಟ ಬಗ್ಗಿಸಿ ಕೈ ಚಾಚುತ್ತಾರೆ. ಇಳಿಯಬೇಕಾದದ್ದು ಮೊಣಕಾಲಿನಿಂದ. ಮೂರನೆಯದು ನುಗ್ಗುವ ಹೆಜ್ಜೆ. ಮುಂದಿನ ಪಾದ ಎದುರಾಳಿಯ ಎರಡು ಪಾದಗಳ ನಡುವೆ ಬೀಳಬೇಕು, ಮೊಣಕಾಲು ಮ್ಯಾಟನ್ನು ಸವರಿ ಹೋಗಬೇಕು, ಗುದ್ದಬಾರದು, ಹಿಂದಿನ ಕಾಲು ಆ ಕೂಡಲೇ ಎದ್ದು ಬರಬೇಕು. ಕೈ ಅವನ ಮೊಣಕಾಲಿನ ಹಿಂದೆ ಅಂಗೈಗೆ ಅಂಗೈ ಹಿಡಿದಿರಲಿ. ಬೆರಳು ಹೆಣೆದರೆ ಮುರಿಯಬಹುದು. ಕೊನೆಗೆ ಕಾಲನ್ನು ಎದೆಗೆ ಅಪ್ಪಿ, ಹಿಂದಕ್ಕೆ ಅರ್ಧ ಸುತ್ತು ತಿರುಗುತ್ತಾ, ಭುಜದಿಂದ ಅವನ ತೊಡೆಯನ್ನು ಕೆಳಕ್ಕೆ ಒತ್ತುವುದು.

ಒಬ್ಬೊಬ್ಬನೂ ಹತ್ತು ಸಲ ಮಾಡಿ ಜೋಡಿಗೆ ಬಿಡಲಿ. ಮೊದಲ ಸುತ್ತಿನಲ್ಲಿ ಜೋಡಿ ಸುಮ್ಮನೆ ನಿಲ್ಲಲಿ, ಎರಡನೆಯದರಲ್ಲಿ ಅರ್ಧ ಬಲ ಹಾಕಲಿ. ಆಮೇಲೆ ಕಾಲು ಕೈಗೆ ಸಿಕ್ಕ ಸ್ಥಿತಿಯಿಂದಲೇ ಶುರುಮಾಡಿ 20 ಸೆಕೆಂಡು ಪೂರ್ತಿ ಬಲದಲ್ಲಿ ಆಡಿಸು: ಒಬ್ಬ ಮುಗಿಸಬೇಕು, ಇನ್ನೊಬ್ಬ ಬಿಡಿಸಿಕೊಳ್ಳಬೇಕು. ಈ 20 ಸೆಕೆಂಡುಗಳಲ್ಲಿ ಕಲಿಯುವಷ್ಟನ್ನು ಜೋಡಿಗಳನ್ನು ಸುಮ್ಮನೆ ಕುಸ್ತಿಗೆ ಬಿಟ್ಟು ಕಲಿಸಲು ಆಗುವುದಿಲ್ಲ. ಜೋಡಿಗಳ ತೂಕದಲ್ಲಿ ನಾಲ್ಕೈದು ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬೇಡ.

ಆ ಹೊತ್ತಿನಲ್ಲಿ ನೀನು ಆಡಬೇಡ, ಸುತ್ತ ನಡೆದು ಪಾದ ನೋಡು. ಪಾದ ಸರಿ ಬಿದ್ದರೆ ಉಳಿದದ್ದು ಬಹುಪಾಲು ತಾನಾಗಿ ಸರಿಹೋಗುತ್ತದೆ. ಒಬ್ಬನಿಗೆ ಒಂದು ಸಲಕ್ಕೆ ಒಂದೇ ತಪ್ಪು ಹೇಳು, ಅದೂ ಮಾಡಬೇಕಾದದ್ದನ್ನು ಹೇಳು. 'ಬಗ್ಗಬೇಡ' ಅನ್ನುವ ಬದಲು 'ಮೊಣಕಾಲು ಮಡಚು' ಅನ್ನು. ನಿನ್ನ ಸಿಟ್ಟು ಏರುವುದು ಒಂದೇ ಉಸಿರಿನಲ್ಲಿ ನಾಲ್ಕು ತಪ್ಪು ತಿದ್ದಲು ಹೋದಾಗ. ನಗುವ ಕ್ಲಾಸ್‌ಮೇಟನ್ನು ಎಲ್ಲರ ಮುಂದೆ ಗದರಬೇಡ. ಚಿಕ್ಕವರ ಒಂದು ಜೋಡಿಯ ಎಣಿಕೆ, ಸಮಯ ಅವನಿಗೆ ಒಪ್ಪಿಸು.

ಗರಡಿಯಿಂದ ಬಂದ ಹುಡುಗರಿಗೆ ಇನ್ನೊಂದು ತೊಡಕಿದೆ. ಮಣ್ಣಿನಲ್ಲಿ ಚಿತ್ ಆಗುವ ತನಕ ಸೋಲಿಲ್ಲ, ಕವುಚಿ ಬಿದ್ದು ತಡೆದುಕೊಂಡಿದ್ದರೂ ಆಯಿತು. ಮ್ಯಾಟ್ ಮೇಲೆ ಹಿಂದೆ ಬಂದು ಹತೋಟಿಗೆ ತಂದವನಿಗೆ ಆಗಲೇ 2 ಪಾಯಿಂಟ್, ವೃತ್ತದಿಂದ ಹೊರಗೆ ಕಾಲಿಟ್ಟರೆ ಎದುರಾಳಿಗೆ 1. ಕಾಲು ಹಿಡಿಯಲು ಅವಕಾಶವಿರುವ ಫ್ರೀಸ್ಟೈಲ್ ಕುಸ್ತಿಯಲ್ಲಿ 10 ಪಾಯಿಂಟ್ ಅಂತರ ಬಂದರೆ ಕುಸ್ತಿ ಅಲ್ಲಿಗೆ ಮುಗಿಯಿತು. 17ರ ಒಳಗಿನವರಿಗೆ ಇರುವುದು ಎರಡೆರಡು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ಬಿಡುವು. ಲಂಗೋಟ ಹಿಡಿದು ಎಳೆದ ರೂಢಿಯಿಂದ ಇಲ್ಲಿ ಕಾಸ್ಟ್ಯೂಮ್ ಹಿಡಿದರೆ ತಪ್ಪು. ಇಷ್ಟನ್ನೂ ಮೊದಲ ವಾರವೇ ಹೇಳಿಬಿಡು, ಇಲ್ಲವಾದರೆ ಗಟ್ಟಿ ಹುಡುಗರೂ ಕಾರಣ ತಿಳಿಯದೆ ಸೋತು ಬರುತ್ತಾರೆ.

ಕೆಲವು ವಿಷಯ ನಿನ್ನ ಜವಾಬ್ದಾರಿಯೇ ಅಲ್ಲ, ಹೊತ್ತುಕೊಳ್ಳಬೇಡ. ಸರ್‌ಗೆ ಕುಸ್ತಿ ಗೊತ್ತಿಲ್ಲದಿರಬಹುದು, ಆದರೆ ಅಭ್ಯಾಸ ಮುಗಿಯುವ ತನಕ ಅವರೋ ಇನ್ನೊಬ್ಬ ಹಿರಿಯರೋ ಅಲ್ಲೇ ಇರಬೇಕು. ಇಲ್ಲದ ದಿನ ಮ್ಯಾಟ್ ಹಾಸಬೇಡ. ತಲೆಗೆ ಪೆಟ್ಟು ಬಿದ್ದು ಮಂಕಾದವನು, ವಾಂತಿ ಮಾಡಿದವನು ಅವತ್ತು ಮತ್ತೆ ಆಡಬಾರದು, ಡಾಕ್ಟರ್ ಹತ್ತಿರ ಹೋಗಬೇಕು. ಕಿವಿ ಊದಿ ಮೆತ್ತಗಾದರೆ ಒಂದೆರಡು ದಿನದೊಳಗೆ ತೋರಿಸಬೇಕು. ತಡವಾದರೆ ಗಟ್ಟಿಯಾಗಿ ಹಾಗೇ ಉಳಿಯುತ್ತದೆ. ಹುಳುಕಡ್ಡಿ ಎದ್ದವನು ವಾಸಿಯಾಗುವ ತನಕ ಹೊರಗೆ ಕೂತು ನೋಡಲಿ, ಮ್ಯಾಟನ್ನು ದಿನಾ ಸೋಂಕುನಾಶಕ ಹಾಕಿ ಒರೆಸಿ. ಉಗುರು ಕತ್ತರಿಸದೆ ಬಂದವನಿಗೆ ಜೋಡಿ ಕೊಡಬೇಡ.

ತೂಕ ಇಳಿಸುವುದು ಹೇಗೆಂದು ಚಿಕ್ಕವರು ನಿನ್ನನ್ನೇ ಕೇಳುತ್ತಾರೆ. ನೀರು ಬಿಡು, ಸ್ವೆಟರ್ ಹಾಕಿಕೊಂಡು ಓಡು ಎಂದು ಯಾರಿಗೂ ಹೇಳಬೇಡ, ನೀನೂ ಮಾಡಬೇಡ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಬೆಳೆಯುವ ವಯಸ್ಸಿನ ಹುಡುಗನಿಗೆ 48 ಬಿಗಿಯಾದರೆ ಮುಂದಿನ ತೂಕದ ವಿಭಾಗ 51 ಇದೆ. ಇದು ನಿನಗೂ ನಿನ್ನ ಗೆಳೆಯನಿಗೂ ಅನ್ವಯಿಸುತ್ತದೆ. ನಿಮ್ಮಿಬ್ಬರಲ್ಲಿ ಒಬ್ಬರಿಗೆ ಈ ವರ್ಷ 51 ಸಹಜ ತೂಕವೇ ಆಗಿರಬಹುದು. ಸರ್ ಜೊತೆ ಮಾತಾಡುವ ಮೊದಲು ಇಬ್ಬರೂ ಒಂದು ವಾರ ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡಿ ಬರೆದಿಟ್ಟುಕೊಳ್ಳಿ.