ತಡವಾಗಿ ಬಂದವರನ್ನ ಏನಂತ ಕೇಳೋದು?

ನಮಸ್ಕಾರ ಸಿಸ್ಟರ್. ಬಡವರ ಚಿಕಿತ್ಸೆ ಬಗ್ಗೆ ಹೋದ ಸಂಚಿಕೆಲಿ ನಾವು ಹಾಕಿದ್ದ ಲೇಖನ ಓದಿ ನೀವು ಬರೆದ ಪತ್ರ ಸಿಕ್ತು. "ನಮ್ಮ ಆಸ್ಪತ್ರೆಲಿ ಡಾಕ್ಟರ್ ಫೀಸೇ ಇಲ್ಲ, ಆದ್ರೂ ಕೈಮೀರೋ ತನಕ ಬರಲ್ಲ ಅಂದ್ರೆ ಅದು ಬಡತನ ಅಲ್ಲ, ಉದಾಸೀನ" ಅಂದಿದ್ದೀರ. ತಡವಾಗಿ ಬಂದ ಒಬ್ಬರು ನಿಮ್ಮ ಕಣ್ಮುಂದೆನೇ ತೀರಿಹೋದ ಸಂಕಟ ಆ ಮಾತಲ್ಲಿದೆ, ಅದಕ್ಕೇ ಎರಡು ಸಾಲಲ್ಲಿ ಉತ್ತರ ಮುಗಿಸೋಕೆ ಮನಸ್ಸಾಗ್ಲಿಲ್ಲ.

ಫೀಸ್ ಇಲ್ಲ, ನಿಜ. ಆದ್ರೆ ದಿನಗೂಲಿಯವರಿಗೆ ಒಂದು ದಿನ ಆಸ್ಪತ್ರೆ ಅಂದ್ರೆ ಅವತ್ತಿನ ಕೂಲಿ ಹೋಯ್ತು, ಜೊತೆಗೆ ಬಂದವರದ್ದೂ ಹೋಯ್ತು, ಹೋಗಿ ಬರೋ ಖರ್ಚು ಬೇರೆ, ರಕ್ತ ಇವತ್ತು ಕೊಡಿ ರಿಪೋರ್ಟಿಗೆ ನಾಳೆ ಬನ್ನಿ ಅಂದ್ಬಿಟ್ರೆ ನಾಳೆದೂ ಹೋಯ್ತು, ಇಷ್ಟೆಲ್ಲಾ ಆದ್ಮೇಲೆ ಹೊರಗಡೆಯಿಂದ ತರಬೇಕಾದ ಮಾತ್ರೆ ಚೀಟಿ ಕೈಗೆ ಬರುತ್ತೆ. ಔಷಧಿ ಅಂಗಡಿ ಮುಂದೆ ಒಬ್ಬ ಹೆಂಗಸು ಐದು ಔಷಧಿ ಬರೆದಿದ್ದ ಚೀಟಿ ಚಾಚಿ "ಇದ್ರಲ್ಲಿ ಯಾವ್ದು ಮುಖ್ಯ ಅಣ್ಣ, ಅದೊಂದೇ ಕೊಡಿ" ಅಂದದ್ದನ್ನ ನಾನು ಪಕ್ಕದಲ್ಲೇ ನಿಂತು ಕೇಳಿದ್ದೀನಿ. ಅಂಗಡಿಯವನು ಸ್ವಲ್ಪ ಹೊತ್ತು ಚೀಟಿನೇ ನೋಡ್ತಾ ನಿಂತ, ಆಮೇಲೆ ಎರಡು ಮಾತ್ರೆ ಕತ್ತರಿಸಿ ಕೊಟ್ಟ. ಆಸ್ಪತ್ರೆ ಲೆಕ್ಕದಲ್ಲಿ ಆಕೆಗೆ ಚಿಕಿತ್ಸೆ ಸಿಕ್ಕಿದೆ.

ಬಿಪಿ ಮಾತ್ರೆ ಕಥೆ ಇನ್ನೂ ಕಷ್ಟ. ಬಿಪಿ ನೋಯಲ್ಲ ನೋಡಿ, ದುಡ್ಡಿಗೆ ತತ್ವಾರ ಬಂದಾಗ ಮೊದಲು ನಿಲ್ಲೋದೇ ಅದು, ದಿನ ಬಿಟ್ಟು ದಿನ ತಗೊಂಡ್ರೆ ಒಂದು ತಿಂಗಳ ಮಾತ್ರೆ ಎರಡು ತಿಂಗಳು ಬರುತ್ತೆ ಅನ್ನೋ ಲೆಕ್ಕ. ಸ್ಟ್ರೋಕ್ ಆಗಿ ನಿಮ್ಮ ವಾರ್ಡಿಗೆ ಬಂದಾಗ ಮಾತ್ರ ಎಲ್ಲರಿಗೂ ಕಾಣುತ್ತೆ. ಅಮೆರಿಕದಲ್ಲಿ 1974ರಿಂದ 1982ರ ತನಕ ರ್ಯಾಂಡ್ ಅನ್ನೋ ಸಂಶೋಧನಾ ಸಂಸ್ಥೆ ಒಂದು ದೊಡ್ಡ ಪ್ರಯೋಗ ಮಾಡಿತ್ತು, ಕೆಲವು ಕುಟುಂಬಗಳಿಗೆ ಚಿಕಿತ್ಸೆ ಪೂರ್ತಿ ಉಚಿತ, ಉಳಿದವರು ಒಂದು ಪಾಲು ಕೈಯಿಂದ ಹಾಕ್ಬೇಕು. ಕೈಯಿಂದ ಹಾಕೋರು ಬೇಡದ ಚಿಕಿತ್ಸೆ ಬಿಟ್ಟ ಹಾಗೇ ಬೇಕಾದ್ದನ್ನೂ ಬಿಟ್ರು, ಮತ್ತೆ ಬಿಪಿ ಇದ್ದ ಬಡವರಲ್ಲಿ ಉಚಿತ ಸಿಕ್ಕವರ ಬಿಪಿ ಚೆನ್ನಾಗಿ ಹತೋಟಿಗೆ ಬಂತು. ಉದಾಸೀನವೇ ಕಾರಣ ಆಗಿದ್ರೆ ಫೀಸ್ ತೆಗೆದ ಮಾತ್ರಕ್ಕೆ ಬಿಪಿ ಯಾಕೆ ಇಳೀಬೇಕಿತ್ತು ಹೇಳಿ.

ಹಂಗಂತ ಫೀಸ್ ತೆಗೆದ್ರೆ ಎಲ್ಲಾ ಸರಿಹೋಗುತ್ತೆ ಅಂತಲೂ ಅಲ್ಲ. ಬ್ರಿಟನ್ನಿನ ವೇಲ್ಸ್‌ನ ಗಣಿ ಕಾರ್ಮಿಕರ ಊರಲ್ಲಿ ಡಾಕ್ಟರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದ್ರು, ಒಳ್ಳೆ ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಮ್ಮಿ ಸಿಗುತ್ತೆ ಅಂತ, ಅದೂ ಡಾಕ್ಟರಿಗೆ ಫೀಸೇ ಕೊಡಬೇಕಿಲ್ಲದ ದೇಶದಲ್ಲಿ ಕೂತು.

ಇನ್ನೊಂದು ವಿಷಯ. ನಿಮ್ಮ ರಿಜಿಸ್ಟರಲ್ಲಿ ಬಂದವರ ಹೆಸರಷ್ಟೇ ಇರುತ್ತೆ, ಬಾರದೇ ಉಳಿದವರ ಲೆಕ್ಕ ಬೇಕು ಅಂದ್ರೆ ಮನೆ ಬಾಗಿಲಿಗೇ ಹೋಗಿ ಕೇಳ್ಬೇಕು. ಯುರೋಪಿನ ದೇಶಗಳ ಕುಟುಂಬ ಸಮೀಕ್ಷೆಲಿ ಹಾಗೇ ಕೇಳ್ತಾರೆ, ಕಳೆದ 12 ತಿಂಗಳಲ್ಲಿ ಡಾಕ್ಟರಿಗೆ ತೋರಿಸ್ಬೇಕಿತ್ತು ಆದ್ರೆ ಆಗ್ಲಿಲ್ಲ ಅನ್ನೋದು ಉಂಟಾ, ಉಂಟು ಅಂದ್ರೆ ಯಾಕೆ, ದುಡ್ಡಾ ದೂರವಾ, ಕೆಲಸ ಬಿಡೋಕಾಗ್ಲಿಲ್ವಾ, ಭಯನಾ. ಉದಾಸೀನದವರೂ ಇರ್ತಾರೆ, ಇಲ್ಲ ಅನ್ನಲ್ಲ, ಆದ್ರೆ ಅವರು ದುಡ್ಡಿರೋರಲ್ಲೂ ಇದ್ದಾರೆ.

ತಡವಾಗಿ ಬಂದವರನ್ನೆಲ್ಲ "ಯಾಕ್ರೀ ಇಷ್ಟು ಲೇಟು" ಅಂತ ಬೈತೀನಿ ಅಂತ ಬರೆದಿದ್ದೀರ. ಈ ತಿಂಗಳು ಮಾತ್ರ "ಮೊದಲೇ ಬರೋಕೆ ಏನು ಅಡ್ಡ ಬಂತು" ಅಂತ ಕೇಳಿ ನೋಡಿ. ಅವರು ಹೇಳಿದ್ದನ್ನ ಹೆಸರಿಲ್ಲದೆ ನಮಗೆ ಬರೆದು ಕಳಿಸಿ, ಮುಂದಿನ ಸಂಚಿಕೆಲಿ ಎರಡು ಪುಟ ಅದಕ್ಕೇ ಇಟ್ಟಿದ್ದೀನಿ.

ಸಂಪಾದಕ